ಕತ್ತರಿಯಿಲ್ಲದ ಶಸ್ತ್ರಚಿಕಿತ್ಸೆ: ಭರವಸೆ ಎಷ್ಟು, ಕಾಯುವಿಕೆ ಎಷ್ಟು?

ಕಳೆದ ಕಾರ್ತಿಕ ಮಾಸದ ಒಂದು ಸಂಜೆ ಹಿಂಡಲಗಾದ ಕುಟುಂಬವೊಂದು ಮಠಕ್ಕೆ ಬಂದಿತ್ತು. ಮೂವತ್ತರ ಆಸುಪಾಸಿನ ಮಗ, ಅವನ ತೋಳು ಹಿಡಿದು ನಡೆಸುತ್ತಿದ್ದ ಹೆಂಡತಿ, ಎಂ.ಆರ್.ಐ. ಚಿತ್ರಗಳ ದೊಡ್ಡ ಲಕೋಟೆಯನ್ನು ಎದೆಗವಚಿಕೊಂಡಿದ್ದ ತಂದೆ. ಎರಡು ತಿಂಗಳ ಹಿಂದೆ ವೆಂಗುರ್ಲಾ ರಸ್ತೆಯಲ್ಲಿ ಬೈಕಿನ ಮೇಲೆ ಕೆಲಸಕ್ಕೆ ಹೊರಟಿದ್ದ ಮಗನಿಗೆ ಎದುರಿನ ರಸ್ತೆ ಇದ್ದಕ್ಕಿದ್ದಂತೆ ಎರಡಾಗಿ ಕಂಡಿತಂತೆ. ಮನೆ ತಲುಪುವ ಹೊತ್ತಿಗೆ ಮುಖದ ಒಂದು ಬದಿ ಜೋಮು ಹಿಡಿದಿತ್ತು, ನಾಲಗೆ ತೊದಲುತ್ತಿತ್ತು. ನೆರೆಹೊರೆಯವರು ‘ಲಕ್ವಾ ಹೊಡೆದಿದೆ’ ಎಂದರು. ನಾಟಿ ಔಷಧಿ ಕೊಡುವವರ ಊರಿಗೆ ಹೋಗಿ ಬರುವುದರಲ್ಲಿ ಎರಡು ದಿನ ಕಳೆದವು. ಮೂರನೆಯ ದಿನ ಬೆಳಗಾವಿಯಲ್ಲಿ ಎಂ.ಆರ್.ಐ. ಆಯಿತು. ಮೆದುಳಿನ ಕಾಂಡದಲ್ಲಿ ರಕ್ತಸ್ರಾವ. ಅದಕ್ಕೆ ಕಾರಣ ರಕ್ತನಾಳಗಳ ವಿರೂಪ. ಆ ಜಾಗಕ್ಕೆ ಕತ್ತರಿ ಹಾಕುವುದು ಅಪಾಯಕರ ಎಂದು ವೈದ್ಯರು ತಿಳಿಸಿದರು.

ಪುಣೆಯಲ್ಲಿರುವ ಸಂಬಂಧಿಕರೊಬ್ಬರು ಫೋನಿನಲ್ಲಿ ಬೇರೊಂದು ದಾರಿ ಹೇಳಿದ್ದರು. ಆ ತಂದೆ ನಮ್ಮನ್ನು ಕೇಳಿದ್ದು ಅದನ್ನೇ: “ಅಪ್ಪಾರ, ತಲಿ ಕೊಯ್ಯದಂಗ ಗುಣಾ ಮಾಡೂ ಮಷೀನ್ ಐತಂತಲ್ರಿ, ಖರೇನ್ರಿ? ಇದ್ದ ಎರಡೆಕರೆ ಹೊಲಕ್ಕ ಸಂಚಕಾರ ಇಸ್ಕೊಳ್ಳಾಕ ಹೊಂಟೀನ್ರಿ.”

ಆ ಯಂತ್ರ ಇರುವುದು ನಿಜ, ಅದು ಅನೇಕರಿಗೆ ಬದುಕು ಕೊಟ್ಟಿರುವುದೂ ನಿಜ. ಆದರೆ ಹೊಲ ಮಾರಿ ಹೋಗಬೇಕಾದಷ್ಟು ಖಚಿತವಾದ ಭರವಸೆಯನ್ನು ಅದು ಈ ರೋಗಿಗೆ ಕೊಡುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಯಂತ್ರದ ಹೆಸರು ಕೇಳುವ ಮೊದಲು ಕಾಯಿಲೆಯ ಹೆಸರು ಕೇಳಬೇಕು ಎಂಬುದು ಈ ಲೇಖನದಲ್ಲಿ ನಾವು ಹೇಳಬಯಸುವ ಮೊದಲ ಮಾತು. ಯಂತ್ರಕ್ಕೆ ಹಣ ಕೂಡಿಸುವಷ್ಟೇ ಶ್ರದ್ಧೆಯಿಂದ ಅನಂತರದ ಕಾಯುವ ವರ್ಷಗಳಿಗೂ ಸಮಾಜ ಹೆಗಲು ಕೊಡಬೇಕು ಎಂಬುದು ಎರಡನೆಯ ಮಾತು.

ಹೆಬ್ಬೆರಳಿನಷ್ಟು ಜಾಗ

ಮೆದುಳಿನ ಕಾಂಡವೆಂಬುದು ದೊಡ್ಡ ಮೆದುಳನ್ನು ಬೆನ್ನುಹುರಿಗೆ ಜೋಡಿಸುವ ಭಾಗ. ಗಾತ್ರದಲ್ಲಿ ಹೆಬ್ಬೆರಳಿಗಿಂತ ತುಸು ದೊಡ್ಡದು. ಆದರೆ ಕೈಕಾಲುಗಳಿಗೆ ಹೋಗುವ ಆಜ್ಞೆಗಳೂ ಚರ್ಮದಿಂದ ಬರುವ ಸಂವೇದನೆಗಳೂ ಈ ಇಕ್ಕಟ್ಟಿನ ಮೂಲಕವೇ ಹಾಯಬೇಕು. ಕಣ್ಣುಗುಡ್ಡೆಗಳನ್ನು ಜೊತೆಯಾಗಿ ಹೊರಳಿಸುವ, ಮುಖವನ್ನು ಅರಳಿಸುವ, ತುತ್ತನ್ನು ನುಂಗಿಸುವ, ಉಸಿರಾಟ ಮತ್ತು ಎದೆಬಡಿತಗಳನ್ನು ಹದದಲ್ಲಿಡುವ ನರಕೇಂದ್ರಗಳೂ ಇಲ್ಲಿಯೇ ಒತ್ತಾಗಿ ನೆಲೆಸಿವೆ. ಮೆದುಳಿನ ಬೇರೆಡೆ ಒಂದು ಚಮಚ ರಕ್ತ ಸೋರಿದರೆ ತಲೆನೋವಷ್ಟೇ ಬಂದು ಹೋಗಬಹುದು. ಇಲ್ಲಿ ಕೆಲವು ಹನಿ ಸೋರಿದರೂ ನೋಟ ಎರಡಾಗುತ್ತದೆ, ನಡಿಗೆ ತಪ್ಪುತ್ತದೆ, ನೀರು ಕುಡಿದರೆ ಕೆಮ್ಮು ಬರುತ್ತದೆ. ನಿಲ್ಲದ ಬಿಕ್ಕಳಿಕೆಯೊಂದೇ ಮೊದಲ ಲಕ್ಷಣವಾಗುವುದೂ ಉಂಟು.

ಇಂತಹ ಲಕ್ಷಣಗಳು ಹಠಾತ್ತಾಗಿ ಕಾಣಿಸಿಕೊಂಡರೆ ಅದನ್ನು ‘ಲಕ್ವಾ’ ಎಂದು ಕರೆದು ಮಾಲೀಸಿಗೆ, ಮೂಗಿಗೆ ಬಿಡುವ ರಸಕ್ಕೆ ಹೋಗುವುದು ಸಲ್ಲದು. ರಕ್ತನಾಳ ಕಟ್ಟಿಕೊಂಡಿದೆಯೋ ಒಡೆದಿದೆಯೋ ಎಂಬುದು ಹೊರಗಿನಿಂದ ನೋಡಿದರೆ ಯಾರಿಗೂ ತಿಳಿಯದು; ಸ್ಕ್ಯಾನ್ ಮಾಡಿದರೆ ಮಾತ್ರ ತಿಳಿಯುತ್ತದೆ. ಎರಡಕ್ಕೂ ಚಿಕಿತ್ಸೆ ಪರಸ್ಪರ ವಿರುದ್ಧ. ಹಿಂಡಲಗಾದಿಂದ ಬೆಳಗಾವಿಯ ಆಸ್ಪತ್ರೆಗಳು ಕೆಲವೇ ಕಿಲೋಮೀಟರ್ ದೂರದಲ್ಲಿವೆ. ಹೀಗಿದ್ದೂ ಎರಡು ದಿನ ಕಳೆದವೆಂದರೆ ಅದಕ್ಕೆ ದಾರಿಯ ದೂರ ಕಾರಣವಲ್ಲ, ತಿಳಿವಳಿಕೆಯ ದೂರ ಕಾರಣ.

ಹೆಸರು ಒಂದು, ಕಾಯಿಲೆ ಎರಡು

‘ರಕ್ತನಾಳಗಳ ವಿರೂಪ’ ಎಂಬ ಒಂದೇ ಮಾತಿನ ಅಡಿಯಲ್ಲಿ ಮುಖ್ಯವಾಗಿ ಎರಡು ಬೇರೆ ಬೇರೆ ಕಾಯಿಲೆಗಳಿವೆ. ಈ ವಿಂಗಡಣೆ ತಿಳಿಯದೆ ಮುಂದಿನ ಯಾವ ಮಾತೂ ಅರ್ಥವಾಗದು.

ಮೊದಲನೆಯದು ವೈದ್ಯರು ‘ಎ.ವಿ.ಎಂ.’ ಎಂದು ಕರೆಯುವಂಥದ್ದು. ಹೃದಯದಿಂದ ರಕ್ತ ತರುವ ಅಪಧಮನಿಯು ಸಹಜವಾಗಿ ಕವಲೊಡೆದು, ಕೂದಲಿಗಿಂತ ಸಣ್ಣ ಲೋಮನಾಳಗಳಾಗಿ, ಒತ್ತಡವನ್ನೆಲ್ಲ ಕಳೆದುಕೊಂಡು ಅಭಿಧಮನಿಯನ್ನು ಸೇರಬೇಕು. ಎ.ವಿ.ಎಂ.ನಲ್ಲಿ ನಡುವಿನ ಆ ಲೋಮನಾಳಗಳೇ ಇಲ್ಲ. ಅಪಧಮನಿ ನೇರವಾಗಿ ಅಭಿಧಮನಿಗೆ ಗಂಟು ಬಿದ್ದಿರುತ್ತದೆ. ಜಲಾಶಯದ ತೂಬಿನ ನೀರನ್ನು ನೇರವಾಗಿ ಹೊಲದ ಬದುವಿನ ಕಾಲುವೆಗೆ ಬಿಟ್ಟಂತೆ. ಕಾಲುವೆಯ ದಂಡೆ ಎಷ್ಟು ದಿನ ತಾಳೀತು? ಒಡೆದರೆ ರಕ್ತಸ್ರಾವ ರಭಸವಾಗಿರುತ್ತದೆ, ಪ್ರಾಣಾಪಾಯವೂ ಹೆಚ್ಚು. ಆಂಜಿಯೋಗ್ರಾಮ್ ಮಾಡಿದರೆ ಈ ಗಂಟು ಸ್ಪಷ್ಟವಾಗಿ ಕಾಣಿಸುತ್ತದೆ.

ಎರಡನೆಯದು ‘ಕ್ಯಾವರ್ನೋಮಾ’. ತೆಳುವಾದ ಗೋಡೆಯ ಪುಟ್ಟ ರಕ್ತಕೋಶಗಳು ಒಂದಕ್ಕೊಂದು ಅಂಟಿಕೊಂಡು ಹಿಪ್ಪುನೇರಳೆ ಹಣ್ಣಿನಂತೆ ಗೊಂಚಲಾಗಿರುತ್ತವೆ. ಇಲ್ಲಿ ರಕ್ತದ ಒತ್ತಡ ಕಡಿಮೆ, ಹರಿವು ಬಹು ನಿಧಾನ. ಆದ್ದರಿಂದ ಇದು ಒಡೆದು ಚಿಮ್ಮುವುದಕ್ಕಿಂತ ಒಸರುವುದೇ ಹೆಚ್ಚು. ಮೊದಲ ಒಸರುವಿಕೆಯಿಂದ ಅನೇಕರು ತಿಂಗಳುಗಳಲ್ಲಿ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತಾರೆ. ಸುಮಾರು ಇನ್ನೂರು ಜನರಲ್ಲಿ ಒಬ್ಬರ ತಲೆಯಲ್ಲಿ ಇಂತಹ ಗೊಂಚಲು ಇರಬಹುದೆಂದು ಅಂದಾಜಿದೆ. ಹಲವರಿಗೆ ಅದು ಜೀವಮಾನವಿಡೀ ಗೊತ್ತೇ ಆಗುವುದಿಲ್ಲ. ಇದು ಆಂಜಿಯೋಗ್ರಾಮ್‌ನಲ್ಲಿ ಕಾಣುವುದಿಲ್ಲ, ಎಂ.ಆರ್.ಐ.ನಲ್ಲಿ ಮಾತ್ರ ಕಾಣುತ್ತದೆ. ಈ ಸಣ್ಣ ಸಂಗತಿ ಮುಂದೆ ದೊಡ್ಡದಾಗುತ್ತದೆ. ಓದುಗ ಬಂಧುಗಳು ನೆನಪಿಟ್ಟುಕೊಳ್ಳಬೇಕು.

ಹಿಂಡಲಗಾದ ಆ ತಂದೆಗೆ ತಮ್ಮ ಮಗನ ಲಕೋಟೆಯೊಳಗೆ ಈ ಎರಡರಲ್ಲಿ ಯಾವುದಿದೆ ಎಂದು ತಿಳಿದಿರಲಿಲ್ಲ. ಯಂತ್ರ ಸೂಚಿಸಿದ ಸಂಬಂಧಿಕರಿಗೂ ತಿಳಿದಿರಲಿಲ್ಲ. ಹೊಲದ ಮಾತುಕತೆ ಮಾತ್ರ ಆರಂಭವಾಗಿತ್ತು.

ಅಲಗಿಲ್ಲದ ಚಾಕು

ರೇಡಿಯೊಸರ್ಜರಿ ಎಂಬ ಕಲ್ಪನೆಯನ್ನು 1951ರಲ್ಲಿ ಜಗತ್ತಿನ ಮುಂದಿಟ್ಟವರು ಸ್ವೀಡನ್ನಿನ ನರಶಸ್ತ್ರತಜ್ಞ ಲಾರ್ಸ್ ಲೆಕ್ಸೆಲ್. ತಲೆಬುರುಡೆ ತೆರೆದು ಆಳಕ್ಕೆ ಇಳಿದಾಗ ದಾರಿಯಲ್ಲಿ ಆಗುವ ಹಾನಿಯನ್ನು ಕಂಡು ನೊಂದಿದ್ದ ಅವರು, ಹೊರಗಿನಿಂದಲೇ ಅನೇಕ ಕಿರಣಗಳನ್ನು ಒಂದು ಬಿಂದುವಿನಲ್ಲಿ ಕೂಡಿಸುವ ಉಪಾಯ ಹುಡುಕಿದರು. ಭೌತವಿಜ್ಞಾನಿ ಬೋರ್ಯೆ ಲಾರ್ಸನ್ ಅವರ ಸಹಕಾರದಿಂದ 1960ರ ದಶಕದ ಕೊನೆಗೆ ಸ್ಟಾಕ್‌ಹೋಮ್ ನಗರದಲ್ಲಿ ಮೊದಲ ‘ಗಾಮಾ ನೈಫ್’ ಕೆಲಸ ಆರಂಭಿಸಿತು. 1970ರಲ್ಲಿ ಅಲ್ಲಿಯೇ ಮೊದಲ ಎ.ವಿ.ಎಂ. ರೋಗಿಗೆ ಈ ಚಿಕಿತ್ಸೆ ದೊರೆಯಿತು.

ಇದರ ತತ್ತ್ವ ಸರಳ. ಯಂತ್ರದಲ್ಲಿ ಕೋಬಾಲ್ಟ್-60 ಎಂಬ ವಿಕಿರಣ ಮೂಲಗಳು ವೃತ್ತಾಕಾರವಾಗಿ ಜೋಡಣೆಗೊಂಡಿರುತ್ತವೆ; ಈಗಿನ ಮಾದರಿಗಳಲ್ಲಿ ಅವುಗಳ ಸಂಖ್ಯೆ 192. ಒಂದೊಂದು ಕಿರಣವೂ ಬಹಳ ದುರ್ಬಲವಾದ್ದರಿಂದ ತಾನು ಹಾದುಹೋಗುವ ಮೆದುಳಿಗೆ ಹೆಚ್ಚು ಕೇಡು ಮಾಡದು. ಎಲ್ಲವೂ ಕೂಡುವ ಬಿಂದುವಿನಲ್ಲಿ ಮಾತ್ರ ಪ್ರಮಾಣ ತೀವ್ರವಾಗುತ್ತದೆ. ತಲೆ ಕೂದಲೆಳೆಯಷ್ಟೂ ಅಲುಗದಂತೆ ಸ್ಥಳೀಯ ಅರಿವಳಿಕೆ ಕೊಟ್ಟು ನಾಲ್ಕು ಮೊಳೆಗಳ ಲೋಹದ ಚೌಕಟ್ಟನ್ನು ತಲೆಗೆ ಬಿಗಿಯುತ್ತಾರೆ, ಅದರೊಡನೆಯೇ ಎಂ.ಆರ್.ಐ. ತೆಗೆಯುತ್ತಾರೆ, ಗಣಕಯಂತ್ರದಲ್ಲಿ ಲೆಕ್ಕ ಹಾಕುತ್ತಾರೆ. ರೋಗಿ ಎಚ್ಚರವಾಗಿಯೇ ಮಲಗಿರುತ್ತಾನೆ. ಸಾಮಾನ್ಯವಾಗಿ ಒಂದೇ ಸರದಿಯಲ್ಲಿ ಕೆಲಸ ಮುಗಿದು, ಅದೇ ದಿನ ಅಥವಾ ಮರುದಿನ ಮನೆಗೆ ಹೋಗಬಹುದು. ಲೀನಿಯರ್ ಆಕ್ಸಿಲರೇಟರ್, ಸೈಬರ್ ನೈಫ್ ಮುಂತಾದ ಯಂತ್ರಗಳೂ ಬೇರೆ ವಿಧಾನದಿಂದ ಇದೇ ತತ್ತ್ವವನ್ನು ಪಾಲಿಸುತ್ತವೆ.

ಭಾರತಕ್ಕೆ ಗಾಮಾ ನೈಫ್ ಬಂದದ್ದು 1990ರ ದಶಕದ ಉತ್ತರಾರ್ಧದಲ್ಲಿ. ಮುಂಬೈಯ ಹಿಂದೂಜಾ ಆಸ್ಪತ್ರೆ ಮತ್ತು ದೆಹಲಿಯ ಏಮ್ಸ್ ಇದರಲ್ಲಿ ಮೊದಲಿಗರು. ನಮ್ಮ ನಾಡಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ಸೌಲಭ್ಯವಿದೆ. ಅಲ್ಲಿ ಇಂತಹ ಆಲೋಚನೆಗೆ ಹಳೆಯ ಬೇರುಗಳೂ ಇವೆ. 1974ರಲ್ಲಿ ಅದು ನಿಮ್ಹಾನ್ಸ್ ಆಗುವುದಕ್ಕೂ ಮೊದಲೇ ಅಲ್ಲಿ ನರಶಸ್ತ್ರಚಿಕಿತ್ಸಾ ವಿಭಾಗವನ್ನು ಕಟ್ಟಿದ ಡಾ. ಆರ್. ಮಾರ್ತಾಂಡ ವರ್ಮ ಅವರು, ತಲೆಬುರುಡೆಯನ್ನು ಕೊರೆಯದೆ ಅದರ ಸಹಜ ರಂಧ್ರವೊಂದರ ಮೂಲಕ ಸೂಜಿ ತೂರಿಸಿ ಪಾರ್ಕಿನ್ಸನ್ ಕಾಯಿಲೆಗೆ ಚಿಕಿತ್ಸೆ ಮಾಡುವ ವಿಧಾನಕ್ಕೆ ಹೆಸರಾಗಿದ್ದರು. ಕಡಿಮೆ ಗಾಯ ಮಾಡಿ ಆಳ ತಲುಪಬೇಕೆಂಬ ಹಂಬಲ ನಮ್ಮ ನೆಲದಲ್ಲಿಯೂ ಹೊಸದಲ್ಲ.

ಆದರೆ ‘ಚಾಕು’ ಎಂಬ ಹೆಸರು ಜನರಲ್ಲಿ ಒಂದು ತಪ್ಪು ಕಲ್ಪನೆ ಹುಟ್ಟಿಸಿದೆ. ಚಾಕು ಕೊಯ್ದು ತೆಗೆಯುತ್ತದೆ. ಗಾಮಾ ನೈಫ್ ಏನನ್ನೂ ತೆಗೆಯುವುದಿಲ್ಲ. ವಿಕಿರಣವು ರಕ್ತನಾಳದ ಒಳಪದರಕ್ಕೆ ಪೆಟ್ಟು ಕೊಡುತ್ತದೆ. ಆ ಪೆಟ್ಟಿಗೆ ಪ್ರತಿಕ್ರಿಯೆಯಾಗಿ ಗೋಡೆ ತಿಂಗಳು ತಿಂಗಳಿಗೂ ದಪ್ಪವಾಗುತ್ತ ಕೊನೆಗೆ ನಾಳವೇ ಮುಚ್ಚಿಹೋಗುತ್ತದೆ. ಎ.ವಿ.ಎಂ.ನಲ್ಲಿ ಇದಕ್ಕೆ ಸಾಮಾನ್ಯವಾಗಿ ಎರಡರಿಂದ ಮೂರು ವರ್ಷ ಬೇಕು. ಅಲ್ಲಿಯವರೆಗೆ ರಕ್ತಸ್ರಾವದ ಅಪಾಯ ತಪ್ಪಿದ್ದಲ್ಲ. ಚಿಕಿತ್ಸೆಯ ಮರುದಿನ ಮನೆಗೆ ಬಂದ ರೋಗಿ ಗುಣವಾಗಿ ಬಂದವನಲ್ಲ. ಗುಣವಾಗುವ ದಾರಿಯಲ್ಲಿ ಮೊದಲ ಹೆಜ್ಜೆ ಇಟ್ಟವನು.

ಸೋರುವ ಮಾಳಿಗೆ ಮತ್ತು ನಿಂತ ಮಳೆ

ಸಣ್ಣ ಎ.ವಿ.ಎಂ. ವಿಷಯದಲ್ಲಿ ರೇಡಿಯೊಸರ್ಜರಿಯ ಯಶಸ್ಸನ್ನು ಅಳೆಯಲು ಸ್ಪಷ್ಟವಾದ ಒರೆಗಲ್ಲಿದೆ. ಮೂರು ವರ್ಷಗಳ ಅನಂತರ ಆಂಜಿಯೋಗ್ರಾಮ್ ತೆಗೆದರೆ ಗಂಟು ಮುಚ್ಚಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಸಣ್ಣ ಗಂಟುಗಳಲ್ಲಿ ಬಹುಪಾಲು ಮುಚ್ಚುತ್ತವೆ. ಮೆದುಳಿನ ಕಾಂಡದಲ್ಲಿ ಸುತ್ತಲಿನ ನರಗಳ ರಕ್ಷಣೆಗಾಗಿ ವಿಕಿರಣದ ಪ್ರಮಾಣವನ್ನು ತಗ್ಗಿಸಬೇಕಾಗುವುದರಿಂದ ಈ ಯಶಸ್ಸು ಕೊಂಚ ಕಡಿಮೆ. ಆದರೂ ಒಮ್ಮೆ ರಕ್ತ ಸುರಿಸಿದ, ಕತ್ತರಿ ತಲುಪದ ಜಾಗದ ಎ.ವಿ.ಎಂ.ಗೆ ಇದು ದೃಢವಾದ ಚಿಕಿತ್ಸೆ ಎನ್ನಲು ನಮಗೆ ಸಂಕೋಚವಿಲ್ಲ.

ಕ್ಯಾವರ್ನೋಮಾದ ಮಾತು ಹಾಗಲ್ಲ. ಅದು ಆಂಜಿಯೋಗ್ರಾಮ್‌ನಲ್ಲಿ ಮೊದಲೂ ಕಾಣುವುದಿಲ್ಲ, ಅನಂತರವೂ ಕಾಣುವುದಿಲ್ಲ. ಹಾಗಾಗಿ ಅದು ಮುಚ್ಚಿತೆಂದು ಸಾಬೀತುಪಡಿಸುವ ಚಿತ್ರವೇ ಇಲ್ಲ. ಉಳಿಯುವ ಅಳತೆ ಒಂದೇ: ಮತ್ತೆ ರಕ್ತ ಒಸರಿತೋ ಇಲ್ಲವೋ. ಈ ಅಳತೆಯಲ್ಲಿಯೇ ವಾದ ಹುಟ್ಟಿರುವುದು.

ಅಮೆರಿಕದ ಪಿಟ್ಸ್‌ಬರ್ಗ್ ನಗರದ ತಜ್ಞರು 1995ರಲ್ಲಿ 47 ರೋಗಿಗಳ ಅನುಭವ ಪ್ರಕಟಿಸಿದರು. ಚಿಕಿತ್ಸೆಗೆ ಮುನ್ನ ವರ್ಷಕ್ಕೆ ಶೇ. 32ರಷ್ಟಿದ್ದ ಮರುರಕ್ತಸ್ರಾವ, ಚಿಕಿತ್ಸೆಯ ಮೊದಲ ಎರಡು ವರ್ಷಗಳಲ್ಲಿ ಶೇ. 8.8ಕ್ಕೂ, ಅನಂತರ ಶೇ. 1.1ಕ್ಕೂ ಇಳಿಯಿತು. ಕೇಳಿದರೆ ಪವಾಡವೆನಿಸುವ ಅಂಕಿಗಳಿವು. ಆದರೆ 2001ರಲ್ಲಿ 141 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ ಇನ್ನೊಂದು ಅಧ್ಯಯನ ಬೇರೊಂದು ಸತ್ಯವನ್ನು ಹೊರಗೆಡಹಿತು. ಚಿಕಿತ್ಸೆಯಿಲ್ಲದಿದ್ದಾಗಲೂ ಮೊದಲ ರಕ್ತಸ್ರಾವದ ಅನಂತರದ ಸುಮಾರು ಎರಡೂವರೆ ವರ್ಷ ತಿಂಗಳಿಗೆ ಶೇ. 2ರಷ್ಟಿರುವ ಅಪಾಯ, ಆಮೇಲೆ ಶೇ. 1ಕ್ಕಿಂತ ಕೆಳಗೆ ತಾನಾಗಿಯೇ ಇಳಿಯುತ್ತದೆ. ಕ್ಯಾವರ್ನೋಮಾದ ರಕ್ತಸ್ರಾವಗಳು ಗುಂಪುಗುಂಪಾಗಿ ಬರುತ್ತವೆ, ಆಮೇಲೆ ಬಹುಕಾಲ ಶಾಂತವಾಗಿರುತ್ತವೆ.

ಬೆಳಗಾವಿಯ ಮಳೆಗಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಷಾಢದಲ್ಲಿ ಹಂಚಿನ ಮನೆ ಸೋರುತ್ತದೆ. ಶ್ರಾವಣದಲ್ಲಿ ಹಂಚು ಕೈಯಾಡಿಸಿದವನಿಗೆ ಕೂಲಿ ಕೊಡುತ್ತೇವೆ. ಕಾರ್ತಿಕದಲ್ಲಿ ಮನೆ ಸೋರುವುದಿಲ್ಲ. ಹಂಚು ಸರಿಯಾದದ್ದರಿಂದಲೋ, ಮಳೆಯೇ ನಿಂತದ್ದರಿಂದಲೋ? ಎರಡೂ ಇರಬಹುದು. ಬಿಡಿಸಿ ಹೇಳಬೇಕಾದರೆ, ಕೈಯಾಡಿಸದೆ ಬಿಟ್ಟ ಇನ್ನೊಂದು ಮನೆಯನ್ನೂ ಅದೇ ಮಳೆಯಲ್ಲಿ ನೋಡಬೇಕು. ವೈದ್ಯಶಾಸ್ತ್ರದಲ್ಲಿ ಹೀಗೆ ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪಾಗಿಸಿ ಹೋಲಿಸುವ ಪರೀಕ್ಷೆಯೇ ಪ್ರಮಾಣ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ‘ಕೇರ್’ ಹೆಸರಿನ ಪ್ರಾಯೋಗಿಕ ಅಧ್ಯಯನವೊಂದು 72 ರೋಗಿಗಳೊಡನೆ ಇಂತಹ ಹೋಲಿಕೆ ಸಾಧ್ಯವೇ ಎಂದು ಪರೀಕ್ಷಿಸಿ 2024ರಲ್ಲಿ ವರದಿ ನೀಡಿತು. ಅಂತಿಮ ತೀರ್ಪು ನೀಡುವಷ್ಟು ದೊಡ್ಡ ಅಧ್ಯಯನ ಅದಾಗಿರಲಿಲ್ಲ.

ಇನ್ನೊಂದು ಅಂಕಿಯೂ ನಮ್ಮ ಓದುಗರಿಗೆ ತಿಳಿದಿರಬೇಕು. 1,620 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಮೆದುಳಿನ ಕಾಂಡದ ಕ್ಯಾವರ್ನೋಮಾ ಒಮ್ಮೆ ರಕ್ತ ಸುರಿಸಿದ ಮೇಲೆ, ಶಸ್ತ್ರಚಿಕಿತ್ಸೆ ಅಥವಾ ವಿಕಿರಣ ಪಡೆಯದವರಲ್ಲಿ ಐದು ವರ್ಷಗಳೊಳಗೆ ಮತ್ತೆ ರಕ್ತಸ್ರಾವವಾಗುವ ಸಂಭವ ಸುಮಾರು ಶೇ. 31. ರಕ್ತ ಸುರಿಸದೆ ಆಕಸ್ಮಿಕವಾಗಿ ಕಂಡದ್ದಾದರೆ ಶೇ. 8. ಅಂದರೆ ಹತ್ತು ಜನರಲ್ಲಿ ಮೂವರಿಗೆ ಮತ್ತೆ ರಕ್ತಸ್ರಾವವಾಗುತ್ತದೆ. ಇದು ಸಣ್ಣ ಅಪಾಯವಲ್ಲ. ಆದರೆ ಉಳಿದ ಏಳು ಜನರಿಗೆ ಯಾವ ಯಂತ್ರವಿಲ್ಲದೆಯೂ ಆ ಐದು ವರ್ಷ ಶಾಂತವಾಗಿ ಕಳೆಯುತ್ತವೆ ಎಂಬುದೂ ಅಷ್ಟೇ ನಿಜ.

ಹಾಗಾದರೆ ಬೇಡವೇ?

ಬೇಡವೆಂದು ನಾವು ಹೇಳುತ್ತಿಲ್ಲ. ಅಂತಹ ಮಾತು ಅವಸರದ ಇನ್ನೊಂದು ರೂಪವಾದೀತು. ಪಿಟ್ಸ್‌ಬರ್ಗಿನ ಅನಂತರ ಅನೇಕ ದೇಶಗಳ ಕೇಂದ್ರಗಳು ಎರಡು ವರ್ಷದ ಬಳಿಕ ರಕ್ತಸ್ರಾವ ತೀರ ಕಡಿಮೆಯಾದುದನ್ನು ಕಂಡಿವೆ. ಆರಂಭದ ದಿನಗಳಲ್ಲಿ ಹೆಚ್ಚಿನ ಪ್ರಮಾಣದ ವಿಕಿರಣ ಕೊಟ್ಟು ತೊಂದರೆಗಳನ್ನು ಕಂಡ ತಜ್ಞರು, ಈಗ ಕ್ಯಾವರ್ನೋಮಾದ ಅಂಚಿಗೆ 11ರಿಂದ 13 ಗ್ರೇ ಆಸುಪಾಸಿನ ಮಿತವಾದ ಪ್ರಮಾಣವನ್ನು ಬಳಸುತ್ತಾರೆ. ಹೀಗಿದ್ದೂ ಕೆಲವರಲ್ಲಿ ಚಿಕಿತ್ಸೆಯಾದ ತಿಂಗಳುಗಳ ಮೇಲೆ ಆ ಜಾಗದಲ್ಲಿ ಬಾವು ಕಾಣಿಸಿಕೊಳ್ಳುತ್ತದೆ. ಬೇರೆಡೆ ಸಹಿಸಬಹುದಾದ ಬಾವು, ಹೆಬ್ಬೆರಳಿನಷ್ಟು ಜಾಗದಲ್ಲಿ ಮುಖವನ್ನೋ ಕೈಕಾಲನ್ನೋ ದುರ್ಬಲಗೊಳಿಸಬಹುದು.

ಅಮೆರಿಕದ ಆಂಜಿಯೋಮಾ ಅಲಯನ್ಸ್ ಎಂಬ ರೋಗಿಗಳ ಸಂಘಟನೆಯ ಆಶ್ರಯದಲ್ಲಿ ತಜ್ಞರು 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಈ ವಿಷಯದಲ್ಲಿ ಹದವಾದ ಮಾತನ್ನಾಡಿದೆ. ಒಂದೇ ಒಂದು ಕ್ಯಾವರ್ನೋಮಾ ಇದ್ದು, ಅದು ಈಗಾಗಲೇ ಲಕ್ಷಣಸಹಿತ ರಕ್ತಸ್ರಾವ ಮಾಡಿದ್ದು, ಶಸ್ತ್ರಚಿಕಿತ್ಸೆಯ ಅಪಾಯ ಒಪ್ಪಲಾರದಷ್ಟು ಹೆಚ್ಚಿರುವ ಜಾಗದಲ್ಲಿದ್ದರೆ ರೇಡಿಯೊಸರ್ಜರಿಯನ್ನು ಪರಿಗಣಿಸಬಹುದು. ಪರಿಗಣಿಸಬಹುದು ಎಂದಷ್ಟೇ ಅದು ಹೇಳುತ್ತದೆ, ಮಾಡಲೇಬೇಕು ಎನ್ನುವುದಿಲ್ಲ. ಯಾವ ತೊಂದರೆಯನ್ನೂ ಕೊಡದೆ ಕುಳಿತಿರುವ, ಕತ್ತರಿಗೆ ಸಿಗುವ ಗೊಂಚಲಿಗೆ ಅದನ್ನು ಮಾಡಬಾರದು ಎಂದೂ ಹೇಳಿದೆ. ವಂಶಪಾರಂಪರ್ಯವಾಗಿ ಬಂದು ಮೆದುಳಿನ ತುಂಬ ಹಲವು ಗೊಂಚಲುಗಳಿರುವವರಲ್ಲಿಯೂ ಅದು ಸಲ್ಲದು. ಅವರಲ್ಲಿ ಹೊಸ ಗೊಂಚಲುಗಳು ಹುಟ್ಟುವ ಆತಂಕವಿದೆ. ಗೊಂಚಲು ಕಾಂಡದ ಮೇಲ್ಮೈಗೆ ಬಂದು ಮತ್ತೆ ಮತ್ತೆ ರಕ್ತ ಸುರಿಸುತ್ತಿದ್ದರೆ, ಅನುಭವಿ ಕೈಗಳಲ್ಲಿ ತೆರೆದ ಶಸ್ತ್ರಚಿಕಿತ್ಸೆಯೇ ಲೇಸಾಗಬಹುದು ಎಂಬುದನ್ನೂ ಮರೆಯಲಾಗದು.

ಆದ್ದರಿಂದ ನಮ್ಮ ಅಭಿಪ್ರಾಯ ಹೀಗಿದೆ. ರಕ್ತ ಸುರಿಸಿದ ಎ.ವಿ.ಎಂ. ಆದರೆ ತಡಮಾಡದೆ ದೊಡ್ಡ ಕೇಂದ್ರಕ್ಕೆ ಹೋಗಬೇಕು. ಮೊದಲ ಬಾರಿ ಒಸರಿ, ರೋಗಿ ಚೇತರಿಸಿಕೊಳ್ಳುತ್ತಿರುವ ಕ್ಯಾವರ್ನೋಮಾ ಆದರೆ, ಎರಡು ಕಡೆ ಸಲಹೆ ಕೇಳಿ ನಿಧಾನವಾಗಿ ನಿರ್ಧರಿಸಲು ಸಮಯವಿದೆ. ಆ ಸಮಯವನ್ನು ಬಳಸಿಕೊಳ್ಳಬೇಕು. ಯಾವ ಸ್ಥಿತಿಯಲ್ಲಿಯೂ ‘ಮಷೀನಿಗೆ ಹೋದರೆ ಗುಣ’ ಎಂಬ ಒಂದೇ ಮಾತಿನ ಮೇಲೆ ಹೊಲ ಕೈಬಿಡಬಾರದು.

ಕೇಳಬೇಕಾದ ಐದು ಪ್ರಶ್ನೆಗಳು

ವೈದ್ಯರ ಮುಂದೆ ಕುಳಿತಾಗ ನಮ್ಮ ಜನ ಕೈಮುಗಿದು ಸುಮ್ಮನಾಗುತ್ತಾರೆ. ವರದಿ ಇಂಗ್ಲಿಷಿನಲ್ಲಿ, ಮನೆಮಾತು ಕನ್ನಡದಲ್ಲಿಯೋ ಮರಾಠಿಯಲ್ಲಿಯೋ. ಕೇಳಿದರೆ ಅಗೌರವವಾದೀತೆಂಬ ಅಂಜಿಕೆ. ಕೇಳುವುದು ಅಗೌರವವಲ್ಲ, ಒಳ್ಳೆಯ ವೈದ್ಯರು ಅದನ್ನೇ ಬಯಸುತ್ತಾರೆ. ಈ ಐದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ.

1. ಇದು ಎ.ವಿ.ಎಂ. ಆಗಿದೆಯೋ, ಕ್ಯಾವರ್ನೋಮಾ ಆಗಿದೆಯೋ? ಒಂದೇ ಇದೆಯೋ, ಹಲವು ಇವೆಯೋ? ಹಲವು ಇದ್ದರೆ ಮನೆಯ ಉಳಿದವರನ್ನೂ ಪರೀಕ್ಷಿಸಬೇಕೇ?

2. ಎಷ್ಟು ಸಲ ರಕ್ತಸ್ರಾವವಾಗಿದೆ? ಕೊನೆಯದು ಆಗಿ ಎಷ್ಟು ಕಾಲವಾಯಿತು?

3. ಏನೂ ಮಾಡದೆ ಗಮನಿಸುತ್ತ ಹೋದರೆ ಮುಂದಿನ ಐದು ವರ್ಷಗಳ ಅಪಾಯವೆಷ್ಟು? ಶಸ್ತ್ರಚಿಕಿತ್ಸೆ ಅಥವಾ ರೇಡಿಯೊಸರ್ಜರಿ ಮಾಡಿದರೆ ಎಷ್ಟು?

4. ಚಿಕಿತ್ಸೆಯ ಫಲ ಕಾಣಲು ಎಷ್ಟು ವರ್ಷ ಬೇಕು? ಅದುವರೆಗೆ ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು? ಈಗ ಸೇವಿಸುತ್ತಿರುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳಿದ್ದರೆ ಅವುಗಳನ್ನು ಮುಂದುವರಿಸಬೇಕೇ?

5. ಒಟ್ಟು ಖರ್ಚೆಷ್ಟು? ಸರ್ಕಾರದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಈ ಚಿಕಿತ್ಸೆ ಸೇರಿದೆಯೇ? ಇದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರಿಂದ, ಹಣ ಕಟ್ಟುವ ಮುನ್ನವೇ ವಿಚಾರಿಸಬೇಕು. ಬಡತನ ರೇಖೆಗಿಂತ ಕೆಳಗಿನ ಕುಟುಂಬದವರು ರೇಷನ್ ಕಾರ್ಡ್, ಆಧಾರ್, ಹಳೆಯ ಎಂ.ಆರ್.ಐ. ಚಿತ್ರಗಳು ಮತ್ತು ಅವುಗಳ ಸಿ.ಡಿ. ಮರೆಯದೆ ಒಯ್ಯಬೇಕು. ಐನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ರಾತ್ರಿಯ ರಾಣಿ ಚೆನ್ನಮ್ಮ ರೈಲಿನಲ್ಲಿ ಹೋಗಿ, ಸಿ.ಡಿ. ಮನೆಯಲ್ಲಿ ಉಳಿಯಿತೆಂದು ಮತ್ತೆ ಎಂ.ಆರ್.ಐ.ಗೆ ಹಣ ತೆತ್ತವರನ್ನು ನಾವು ಕಂಡಿದ್ದೇವೆ.

ನಮ್ಮದೇ ತಪ್ಪು

ಇಲ್ಲಿ ನಾವು ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಇಂತಹದೇ ಕಾಯಿಲೆಯ ತಾಯಿಯೊಬ್ಬರಿಗಾಗಿ ಭಕ್ತರಿಂದ ಹಣ ಕೂಡಿಸಿದ್ದೆವು. ಒಂದು ವಾರದಲ್ಲಿ ಅಷ್ಟೂ ಹಣ ಕೂಡಿತು. ಚಿಕಿತ್ಸೆ ಆಯಿತು, ಅವರು ಊರಿಗೆ ಮರಳಿದರು, ನಾವು ನೆಮ್ಮದಿಯ ಉಸಿರು ಬಿಟ್ಟು ಬೇರೆ ಕೆಲಸಕ್ಕೆ ತೊಡಗಿದೆವು. ಎಂಟು ತಿಂಗಳ ಅನಂತರ ಅವರ ಮನೆಗೆ ಹೋದಾಗ ಕಂಡದ್ದೇ ಬೇರೆ. ರಕ್ತಸ್ರಾವದಿಂದ ಬಲ ಕಳೆದುಕೊಂಡಿದ್ದ ಕೈಗೆ ವ್ಯಾಯಾಮವಿಲ್ಲದೆ ಮೊಣಕೈ ಮಡಿಚಿದಂತೆಯೇ ಬಿಗಿದುಹೋಗಿತ್ತು. ಅಂಬಲಿ ಕುಡಿಯುವಾಗ ನೆತ್ತಿಗೇರುತ್ತದೆಂದು ಅವರು ಒಂದು ಹೊತ್ತು ಮಾತ್ರ ಉಣ್ಣುತ್ತಿದ್ದರು. ಫಿಜಿಯೋಥೆರಪಿಗೆ ವಾರಕ್ಕೆರಡು ಬಾರಿ ಪಟ್ಟಣಕ್ಕೆ ಹೋಗಲು ಆಟೋ ಬಾಡಿಗೆ ಇರಲಿಲ್ಲ. ಆರು ತಿಂಗಳಿಗೆ ಮಾಡಿಸಬೇಕಿದ್ದ ಎಂ.ಆರ್.ಐ. ಆಗಿರಲಿಲ್ಲ. “ನೀವು ಅಷ್ಟು ಮಾಡೀರಿ, ಮತ್ತ ಹ್ಯಾಂಗ ಕೇಳೂದ್ರಿ?” ಎಂದರು ಆ ತಾಯಿ.

ಯಂತ್ರಕ್ಕೆ ಕೊಟ್ಟೆವು, ಕಾಯುವಿಕೆಗೆ ಕೊಡಲಿಲ್ಲ. ದಾಸೋಹವೆಂದರೆ ಒಂದು ದಿನದ ಪಂಕ್ತಿಯಲ್ಲ, ನಿತ್ಯದ ಒಲೆ ಎಂಬುದನ್ನು ಮಠದ ಅಂಗಳದಲ್ಲಿ ಬೆಳೆದ ನಾವೇ ಮರೆತಿದ್ದೆವು.

ಮೆದುಳಿನ ಕಾಂಡದ ರಕ್ತಸ್ರಾವದಿಂದ ಬದುಕಿ ಉಳಿದವರಿಗೆ ಮುಂದಿನ ಎರಡು ಮೂರು ವರ್ಷಗಳೇ ನಿಜವಾದ ಚಿಕಿತ್ಸೆಯ ಕಾಲ. ನುಂಗುವಿಕೆಯನ್ನು ಮತ್ತೆ ಕಲಿಸುವ ತರಬೇತಿ, ಮುಚ್ಚಲಾಗದ ಕಣ್ಣು ಒಣಗದಂತೆ ಹನಿ ಔಷಧಿ ಮತ್ತು ರಾತ್ರಿಯ ಪಟ್ಟಿ, ಎರಡಾಗಿ ಕಾಣುವ ನೋಟಕ್ಕೆ ತಕ್ಕ ಕನ್ನಡಕ, ತೂಗಾಡುವ ನಡಿಗೆಗೆ ಕೋಲು ಮತ್ತು ಬಚ್ಚಲಿನಲ್ಲಿ ಹಿಡಿಕೆ, ರಕ್ತದೊತ್ತಡದ ಮಾತ್ರೆ, ಕಾಲಕಾಲಕ್ಕೆ ಎಂ.ಆರ್.ಐ. ಇವುಗಳಲ್ಲಿ ಯಾವುದಕ್ಕೂ ಹೊಲ ಮಾರಬೇಕಾಗಿಲ್ಲ. ಆದರೆ ಪ್ರತಿಯೊಂದಕ್ಕೂ ಯಾರಾದರೂ ಜೊತೆಗಿರಬೇಕು. ಊರಿನ ಅಕ್ಕನ ಬಳಗ, ತರುಣರ ಸಂಘಗಳು ಒಬ್ಬೊಬ್ಬ ರೋಗಿಯನ್ನು ವಾರಕ್ಕೊಮ್ಮೆ ವ್ಯಾಯಾಮಕ್ಕೆ ಕರೆದೊಯ್ಯುವ ಹೊಣೆ ಹೊತ್ತರೆ ಅದು ಲಕ್ಷ ರೂಪಾಯಿಗೆ ಸಮನಾದ ಸೇವೆ. ಮುಖ ಓರೆಯಾಯಿತೆಂದು ಮದುವೆ ಮುಂಜಿಗಳಿಗೆ ಕರೆಯದೆ ಬಿಡುವುದು, ‘ತಲೆಯ ರೋಗ’ವೆಂದು ಹೆಣ್ಣುಮಕ್ಕಳ ಸಂಬಂಧ ಮುರಿಯುವುದು ಇವೆಲ್ಲ ನಿಲ್ಲಬೇಕು. ಕ್ಯಾವರ್ನೋಮಾ ಅಂಟುರೋಗವಲ್ಲ, ಬುದ್ಧಿಭ್ರಮಣೆಯೂ ಅಲ್ಲ. ಗರ್ಭ ಧರಿಸಿದರೆ ಅಪಾಯ ಹೆಚ್ಚುತ್ತದೆ ಎಂಬುದಕ್ಕೂ ದೃಢವಾದ ಆಧಾರವಿಲ್ಲ. ತಜ್ಞರ ಸಲಹೆಯೊಡನೆ ತಾಯಂದಿರಾದವರು ಅನೇಕರಿದ್ದಾರೆ.

ಸುಮ್ಮನಿರುವುದಲ್ಲ, ಕಾಯುವುದು

ಹಿಂಡಲಗಾದ ಆ ತರುಣನ ಲಕೋಟೆಯೊಳಗಿದ್ದದ್ದು ಒಂದೇ ಒಂದು ಕ್ಯಾವರ್ನೋಮಾ, ಮೊದಲ ರಕ್ತಸ್ರಾವ. ಬೆಂಗಳೂರಿನಲ್ಲಿ ತಜ್ಞರು ಚಿತ್ರಗಳನ್ನು ನೋಡಿ, ಚೇತರಿಕೆ ಚೆನ್ನಾಗಿರುವುದರಿಂದ ಸದ್ಯ ಕಾದು ನೋಡೋಣ, ಆರು ತಿಂಗಳಿಗೆ ಮತ್ತೆ ಎಂ.ಆರ್.ಐ. ಮಾಡಿಸಿ ಬನ್ನಿ, ಮತ್ತೆ ಒಸರಿದರೆ ರೇಡಿಯೊಸರ್ಜರಿಯನ್ನೂ ಶಸ್ತ್ರಚಿಕಿತ್ಸೆಯನ್ನೂ ಒಟ್ಟಿಗೆ ಕುಳಿತು ವಿಚಾರಿಸೋಣ ಎಂದಿದ್ದಾರೆ. ತಂದೆ ಸಂಚಕಾರದ ಮಾತನ್ನು ನಿಲ್ಲಿಸಿದ್ದಾರೆ. ಆದರೆ ಅವರ ಮುಖದಲ್ಲಿ ಸಮಾಧಾನವಿರಲಿಲ್ಲ. “ಸುಮ್ನ ಕುಂತ್ರ, ಮಗಗ ನಾ ಏನೂ ಮಾಡ್ಲಿಲ್ಲ ಅಂದಂಗ ಆಗತೈತ್ರಿ” ಎಂದು ಅವರು ನಿಟ್ಟುಸಿರುಬಿಟ್ಟರು.

ಆ ನಿಟ್ಟುಸಿರಿಗೆ ಉತ್ತರ ಕೊಡುವುದು ಕಷ್ಟ. ಕಾಯುತ್ತಿರುವಾಗಲೇ ಮತ್ತೆ ರಕ್ತಸ್ರಾವವಾಗಬಹುದು. ಹಾಗಾಗುವುದಿಲ್ಲವೆಂದು ಯಾರೂ ಮಾತು ಕೊಡಲಾರರು. ಯಂತ್ರಕ್ಕೆ ಹೋಗಿ ಬಂದ ಮೇಲೆಯೂ ಅದೇ ಮಾತು ನಿಜ. ಎರಡು ದಾರಿಯಲ್ಲಿಯೂ ಅನಿಶ್ಚಯವಿರುವಾಗ, ಅನಿಶ್ಚಯವನ್ನು ಮುಚ್ಚಿಡದೆ ಹೇಳುವವರ ಮಾತನ್ನು ನಂಬುವುದು ಮೇಲು ಎಂದು ನಾವು ಅವರಿಗೆ ಹೇಳಿದೆವು. ಮಗನನ್ನು ದಿನಕ್ಕೆರಡು ಬಾರಿ ಅಂಗಳದಲ್ಲಿ ನಡೆಸುವುದು, ಅವನ ಮಾತ್ರೆಯ ಹೊತ್ತು ತಪ್ಪದಂತೆ ನೋಡುವುದು, ಆರು ತಿಂಗಳ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತಿಡುವುದು ಸುಮ್ಮನಿರುವುದಲ್ಲ. ಅದೂ ಚಿಕಿತ್ಸೆಯೇ.

ಈ ಸಲ ತಾರೀಖನ್ನು ನಾವೂ ಗುರುತಿಟ್ಟುಕೊಂಡಿದ್ದೇವೆ.